ಬೆರ್ಚಪ್ಪಗಳ ಜನಗಣತಿ

ಕ್ಷೇತ್ರಕಾರ್ಯವೆಂದರೆ ಪ್ರಶ್ನಾವಳಿ ಹಿಡಿದುಕೊಂಡು ಹೋಗುವ ಪಿಕ್‌ನಿಕ್ ಎಂದು ಶಿರಸಿಯಲ್ಲಿ ಓದುವಾಗಲೇ ನನಗೆ ಖಾತ್ರಿಯಾಗಿತ್ತು. ಜಪಾನಿನಲ್ಲಿ ಪಿಕ್‌ನಿಕ್ಕಿಗೂ ಒಂದು ಕೈಪಿಡಿ ಇತ್ತು. ವಿನಿಮಯ ವಿದ್ಯಾರ್ಥಿಗಳಾದ ನಮ್ಮನ್ನು ಶಿಕೋಕು ದ್ವೀಪದ ಇಯಾ ಕಣಿವೆಗೆ ಹೊರಡಿಸುವ ಮುಂಚೆ ಪ್ರೊಫೆಸರರು ಅದನ್ನು ಹಂಚಿದರು. ಬಸ್ಸು ಹತ್ತುವುದು, ಇಳಿಯುವುದು, ಸ್ನಾನದ ತೊಟ್ಟಿಗಿಳಿಯುವ ಮುಂಚೆ ಮೈ ತೊಳೆದುಕೊಳ್ಳುವುದು, ಎಲ್ಲಕ್ಕೂ ನಿಮಿಷ ಗೊತ್ತುಮಾಡಿತ್ತು. ವಾಂತಿಗೆ ಮಾತ್ರ ಸಮಯ ಇಟ್ಟಿರಲಿಲ್ಲ. ದೇವಿಮನೆ ಘಟ್ಟ ಹತ್ತಿಳಿದು ಬೆಳೆದ ನನಗೆ ಅದರ ಅಗತ್ಯ ಬೀಳಲಿಲ್ಲ. ಬರ್ಲಿನ್ನಿನ ಗೆಳೆಯನಿಗೆ ಬಿತ್ತು.

ಆ ದಾರಿಯಲ್ಲೇ, ಸುಮಾರು 200 ಮೀಟರ್ ಪ್ರಪಾತದ ಅಂಚಿನಲ್ಲಿ, ಮೂತ್ರ ಹೊಯ್ಯುವ ಹುಡುಗನ ಪ್ರತಿಮೆಯಿದೆ. ಹಿಂದೆ ಊರ ಹುಡುಗರೂ ದಾರಿಹೋಕರೂ ಧೈರ್ಯ ಮೆರೆಯಲು ಅಲ್ಲಿ ಹೀಗೇ ನಿಲ್ಲುತ್ತಿದ್ದರಂತೆ. 1968ರಲ್ಲಿ ಆ ಪರಾಕ್ರಮಕ್ಕೆ ಸ್ಮಾರಕವೇ ಎದ್ದಿತು. ನಮ್ಮಲ್ಲಾದರೆ ಗೋಡೆಗೆ ದೇವರ ಪಟ ಅಂಟಿಸಿ ಇಂಥ ವೀರರನ್ನು ಓಡಿಸುತ್ತೇವೆ.

ಆಮೇಲೆ ಬಳ್ಳಿ ಸೇತುವೆ. 45 ಮೀಟರ್ ಉದ್ದ, ನದಿಯಿಂದ 14 ಮೀಟರ್ ಮೇಲೆ, ಹಲಗೆಗಿಂತ ಸಂದಿಯೇ ಧಾರಾಳ. 12ನೇ ಶತಮಾನದ ಯುದ್ಧದಲ್ಲಿ ಸೋತ ಹೇಕೆ ವಂಶದವರು ಇಲ್ಲಿ ಅಡಗಿದ್ದರು, ಶತ್ರು ಬಂದರೆ ಕಡಿದುಹಾಕಲು ಬಳ್ಳಿಯಲ್ಲೇ ಸೇತುವೆ ಹೆಣೆದರು ಎಂಬುದು ಐತಿಹ್ಯ. ಈಗಲೂ ಮೂರು ವರ್ಷಕ್ಕೊಮ್ಮೆ ಹೊಸದಾಗಿ ಹೆಣೆಯುತ್ತಾರೆ. ಬಳ್ಳಿಯೊಳಗೆ ಉಕ್ಕಿನ ಹಗ್ಗವಿದೆ ಎಂಬ ಮಾತನ್ನು ಪ್ರೊಫೆಸರರು ಆಚೆ ದಡದಲ್ಲಿ, ನಾವೆಲ್ಲ ನಮ್ಮ ನಮ್ಮ ಕುಲದೇವರಿಗೆ ಹರಕೆ ಹೊತ್ತು ಮುಗಿಸಿದ ಮೇಲೆ ತಿಳಿಸಿದರು.

ನಿಜವಾದ ಸಮೀಕ್ಷೆ ಇದ್ದದ್ದು ಕಣಿವೆಯ ತುದಿಯ ನಾಗೊರೊದಲ್ಲಿ. ತ್ಸುಕಿಮಿ ಅಯಾನೊ ಎಂಬಾಕೆ ಒಸಾಕಾ ಬಿಟ್ಟು, ತಂದೆಯನ್ನು ನೋಡಿಕೊಳ್ಳಲು ಈ ಹುಟ್ಟೂರಿಗೆ ಮರಳಿ, ಬಿತ್ತಿದ ಬೀಜವನ್ನು ಹಕ್ಕಿಗಳು ಹೆಕ್ಕಿದಾಗ ತಂದೆಯದೇ ರೂಪದ ಬೆರ್ಚಪ್ಪನನ್ನು ನಿಲ್ಲಿಸಿದರು. ಹಕ್ಕಿಗಳೇನೆಂದುಕೊಂಡವೋ, ಅಕ್ಕಪಕ್ಕದವರು ಮಾತ್ರ ಅದಕ್ಕೆ ನಮಸ್ಕಾರ ಹೇಳಿ ಹೋಗತೊಡಗಿದರು. ಅಲ್ಲಿಂದಾಚೆ ಊರು ಬಿಟ್ಟವರ, ತೀರಿಕೊಂಡವರ ಜಾಗಕ್ಕೆಲ್ಲ ಒಂದೊಂದು ಗೊಂಬೆ ಬಂತು. ಈಗ ಜನ 30ಕ್ಕೂ ಕಡಿಮೆ, ಗೊಂಬೆಗಳು ನೂರಾರು. ಬಸ್ಸಿಗೆ ಕಾಯುತ್ತವೆ, ರಸ್ತೆ ರಿಪೇರಿ ಮಾಡುತ್ತವೆ. 2012ರಲ್ಲಿ ಮುಚ್ಚಿದ ಶಾಲೆಯಲ್ಲಿ ಪಾಠ ಕೇಳುತ್ತವೆ. ಹಾಜರಾತಿ ಯಾವಾಗಲೂ ನೂರಕ್ಕೆ ನೂರು.

ಎದುರಾದವರಿಗೆಲ್ಲ ಬಾಗಿ ವಂದಿಸಬೇಕೆಂದು ಕೈಪಿಡಿ ಹೇಳಿತ್ತು. ಜೀವವಿದ್ದವರಿಗೆ ಮಾತ್ರ ಎಂದು ಹೇಳಿರಲಿಲ್ಲ. ನಾನು ಭೇದವೆಣಿಸದೆ ಬಾಗಿದೆ. ಒತ್ತಿನ ಹೊಲದಲ್ಲಿ ಗುದ್ದಲಿ ಹಿಡಿದು ನಿಂತವನಿಗೂ ಬಾಗಿದೆ, ಅವನು ತಿರುಗಿ ಬಾಗಿದ. ಬರ್ಲಿನ್ನಿನವನದು ವೈಜ್ಞಾನಿಕ ಮನಸ್ಸು. ಬೆಂಚಿನ ಮೇಲೆ ಅಲ್ಲಾಡದೆ ಕೂತಿದ್ದ ಅಜ್ಜನೊಬ್ಬನ ಭುಜ ಒತ್ತಿ, ಒಳಗೆ ತುಂಬಿದ್ದು ಹತ್ತಿಯೋ ಕಾಗದವೋ ಎಂದು ಪರೀಕ್ಷಿಸಿದ. ಅಜ್ಜ ಕಣ್ಣು ತೆರೆದು, “ಇನ್ನೂ ಸ್ವಲ್ಪ ದಿನ ಇದೆ,” ಎಂದ. ಊರಿನಲ್ಲಿ ಗೊಂಬೆಗಳದೇ ಒಂದು ದಾಖಲೆ ಪುಸ್ತಕವಿದೆ. ಹೆಸರು, ವಯಸ್ಸು, ಗುಣಸ್ವಭಾವ ಎಲ್ಲ ಅದರಲ್ಲುಂಟು. ನಮ್ಮ ಪ್ರಶ್ನಾವಳಿಗೆ ಅಷ್ಟು ಅಚ್ಚುಕಟ್ಟಾಗಿ ಉತ್ತರ ಸಿಕ್ಕಿದ್ದು ಅದರಿಂದ ಮಾತ್ರ.

ರಾತ್ರಿ ಕಣಿವೆಯ ಒಂದು ಮನೆಯಲ್ಲಿ ಊಟ, ವಸತಿ. ನಾನು ಸಸ್ಯಾಹಾರಿಯೆಂದು ಮೊದಲೇ ಹೇಳಿಯಾಗಿತ್ತು. ಒಡತಿ ಅಜ್ಜಿ ಸಾರಿನ ಬಟ್ಟಲಿಟ್ಟು, “ಮೀನು ಹಾಕಿಲ್ಲ, ಮೀನಿನ ನೀರು ಅಷ್ಟೇ,” ಎಂದರು. ನನ್ನ ಮುಖ ನೋಡಿ ಕರುಣೆ ಹುಟ್ಟಿತೇನೋ, ಕಡ್ಡಿಗೆ ಪೋಣಿಸಿ ಮಿಸೊ ಸವರಿ ಸುಟ್ಟ ಆಲೂಗಡ್ಡೆ, ತೋಫು, ಕೊನ್ಯಾಕು ಬಂದವು. ಇಯಾದ ತೋಫು ಹಗ್ಗ ಕಟ್ಟಿ ಹೊತ್ತೊಯ್ಯುವಷ್ಟು ಗಟ್ಟಿ. ಕೊನ್ಯಾಕು ನಮ್ಮ ಸುವರ್ಣಗೆಡ್ಡೆಯ ದಾಯಾದಿ ಗೆಡ್ಡೆಯಿಂದ ಮಾಡಿದ್ದು, ರಬ್ಬರಿನಂತೆ ಜಗಿಯಬೇಕು. ಹುಳಿಗೆ ಹಾಕಿದ್ದರೆ ಅದರ ಬಾಳು ಬೇರೆಯೇ ಆಗುತ್ತಿತ್ತು.

ಊಟವಾದ ಮೇಲೆ ಪ್ರಶ್ನಾವಳಿ ತೆಗೆದೆ. ಮನೆಯಲ್ಲಿ ಎಷ್ಟು ಮಂದಿ? ಒಬ್ಬಳೇ. ಮಕ್ಕಳೆಲ್ಲಿ? ಒಬ್ಬ ಒಸಾಕಾ, ಒಬ್ಬ ಟೋಕಿಯೋ. ಗದ್ದೆ ಯಾರು ನೋಡುತ್ತಾರೆ? ಮಂಗಗಳು. ಇಷ್ಟಕ್ಕೆ ಅಜ್ಜಿ ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಕನ್ನಡಕ ಏರಿಸಿ, ಅವೇ ಪ್ರಶ್ನೆಗಳನ್ನು ಮೊದಲಿನಿಂದ ನನಗೆ ಕೇಳತೊಡಗಿದರು. ಅಪ್ಪ, ಅಮ್ಮ ಇಬ್ಬರೇ. ಅಣ್ಣ ಬೆಂಗಳೂರು, ನಾನು ಇಲ್ಲಿ. ಕೇರಿಯ ಉಳಿದ ಮನೆಗಳು? ಹೆಚ್ಚುಕಮ್ಮಿ ಹಾಗೇ. ಅಡಿಕೆ ತೋಟ ಯಾರು ನೋಡುತ್ತಾರೆ? ಮಂಗಗಳು.

ಅಜ್ಜಿ ಹಾಳೆ ಮಡಚಿ ಕೆಳಗಿಟ್ಟು, ಅದರಲ್ಲಿಲ್ಲದ ಒಂದು ಪ್ರಶ್ನೆ ಕೇಳಿದರು: “ನಿಮ್ಮ ಅಮ್ಮನಿಗೆ ಹೊಲಿಗೆ ಬರುತ್ತದೆಯೇ?”