ತೆಂಗಿನ ಸಾಲಲ್ಲೊಂದು ಆಟೋಕ್ರಾಸ್

ಆಟೋಕ್ರಾಸ್‌ನ ಸ್ಟಾಕ್ ಕ್ಲಾಸಿಗೆ, ಅಂದರೆ ಕಾರನ್ನು ಹೆಚ್ಚು ಬದಲಿಸದೆ ಓಡಿಸುವ ವರ್ಗಕ್ಕೆ, ಯಾವ ಕಾರು ಒಳ್ಳೆಯದೆಂದು ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಹತ್ತಿರ ಕೇಳಿ ನೋಡಿ. “ಎಷ್ಟು ಮೂಟೆ ಕೊಬ್ಬರಿ ಹಿಡಿಸ್ತದೆ?” ಎಂಬುದೇ ಮೊದಲ ಮರುಪ್ರಶ್ನೆ. ತಿಪಟೂರು ಸೀಮೆಯಲ್ಲಿ ಕಾರಿಗೆ ಡಿಕ್ಕಿಯೇ ಪ್ರಾಣ. ಎಂಜಿನ್ನು ಅದನ್ನು ಹೊರುವ ಆಳು.

ನಮ್ಮ ಮಾವನೂ ಅದನ್ನೇ ಕೇಳಿದಾಗ, “ಮಾವ, ಇದು ಕೋನುಗಳ ನಡುವೆ ಒಂದೊಂದೇ ಕಾರು ಓಡಿಸಿ ಟೈಮ್ ನೋಡೋ ಆಟ” ಅಂದೆ.

“ಕೋನ್ ಯಾಕಪ್ಪ? 30 ಅಡಿಗೊಂದು ತೆಂಗಿನ ಮರ ಐತಲ್ಲ!”

ಅಮೆರಿಕದ ನಿಯಮದಲ್ಲಿ ಕೋನ್ ಉರುಳಿಸಿದರೆ 2 ಸೆಕೆಂಡು ದಂಡ. ಮರಕ್ಕೆ ಗುದ್ದಿದರೆ ಬಾನೆಟ್ಟು ಹೋಗುತ್ತದೆ. ಮೇಲಿಂದ ಕಾಯಿ ಬಿದ್ದರೆ ಗಾಜೂ.

ಅಮೆರಿಕದವರ ಮುದ್ದಿನ ಕಾರು 1989ರಲ್ಲಿ ಬಂದ ಮಾಜ್ದಾ ಮಿಯಾಟಾ: ಎರಡೇ ಸೀಟು, ಹಗುರ ಮೈ, ಹಿಂದಿನ ಚಕ್ರಕ್ಕೆ ಬಲ. ಈ ಆಟದಲ್ಲಿ ಹೆಚ್ಚು ಹೊತ್ತು ಎರಡನೇ ಗೇರೇ. ಟಾಪ್ ಸ್ಪೀಡಿನ ಜಂಬ ನಡೆಯುವುದಿಲ್ಲ, ತಿರುಗುವ ಚುರುಕು ಬೇಕು. ಆ ಲೆಕ್ಕಕ್ಕೆ ನಮ್ಮ ಹಳೇ ಮಾರುತಿ 800 ಏನು ಕಮ್ಮಿ? 796 ಸಿಸಿ, ತೂಕ ಸುಮಾರು 650 ಕಿಲೋ. ಆದರೆ ತಿರುವು ಬಂತೆಂದರೆ ಆ ಸಣಕಲು ಟೈರು ದೇವರಿಗೆ ಹರಕೆ ಹೊರುತ್ತದೆ. ಅಗಲದ ವೀಲು ಹಾಕಿಸೋಣವೆಂದರೆ ಸ್ಟಾಕ್ ಕ್ಲಾಸು ಬಿಡದು. ಕಂಪನಿ ಕೊಟ್ಟಷ್ಟೇ ಭಾಗ್ಯ.

ನಮ್ಮ ದೇಶದ ಆಟೋಕ್ರಾಸು ಬಹುಪಾಲು ಮಣ್ಣಿನ ಮೇಲೆ. ಅದಕ್ಕೇ ಮಾವನ ಓಟು ಜಿಪ್ಸಿಗೆ, ನನ್ನದು 2005ರ ಸ್ವಿಫ್ಟಿಗೆ: ಚುರುಕೂ ಹೌದು, ಸ್ಪೇರೂ ತಿಪಟೂರಲ್ಲೇ ಸಿಗುತ್ತದೆ.

“ಗೆದ್ರೆ ಏನ್ ಕೊಡ್ತಾರೆ?”

“ಕಪ್ಪು.”

“ಟೈರಿನ ದುಡ್ಡೂ ಗಿಟ್ಟಲ್ವಲ್ಲಪ್ಪ!”