ಒತ್ತುಗುಂಡಿಯ ಗತ್ತು

ಕಾರು ಸ್ಟಾರ್ಟ್ ಮಾಡೋದಕ್ಕೆ ಕೀ ಸಾಕು. ಇದು ನನಗೂ ಗೊತ್ತು, ನಿಮಗೂ ಗೊತ್ತು, ಇಂಗ್ಲೆಂಡಿನ ಕೆಂಟ್ ಕಡೆ ಇರುವ ನನ್ನ ಷಡ್ಡಕನಿಗೂ ಗೊತ್ತು. ಗೊತ್ತಿದ್ದೂ ಅವನು, ಸುಖವಾಗಿ ಸ್ಟಾರ್ಟ್ ಆಗುತ್ತಿದ್ದ ಕಾರಿನ ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಕೆಂಪು ಬಟನ್ ಕೂರಿಸಿದ. ಈಗಲೂ ಅದು ಸುಖವಾಗಿಯೇ ಸ್ಟಾರ್ಟ್ ಆಗುತ್ತದೆ. ಮೊದಲು ಒಂದು ಕೆಲಸ ಮಾಡಬೇಕಿತ್ತು, ಈಗ ಎರಡು ಮಾಡಬೇಕು, ಅಷ್ಟೇ.

ಕಾರು ಅಂದ ತಕ್ಷಣ ನಾಲ್ಕು ಬಾಗಿಲು, ಎ.ಸಿ., ಡಿಕ್ಕಿ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಅವನದು ಕೇಟರ್‌ಹ್ಯಾಮ್ ಸೆವೆನ್. ಕಾಲಿನ್ ಚಾಪ್‌ಮನ್ ಎಂಬ ಮಹಾಶಯ, ಕಾರಿನಿಂದ ಏನೇನು ಕಿತ್ತು ಹಾಕಬಹುದೋ ಅದನ್ನೆಲ್ಲ ಕಿತ್ತು ಹಾಕಿದ ಮೇಲೆ ಉಳಿದದ್ದನ್ನು 1957ರಲ್ಲಿ ಲೋಟಸ್ ಸೆವೆನ್ ಅಂತ ಮಾರಿದ. ಲೋಟಸ್‌ನವರಿಗೆ ಅದು ಸಾಕು ಅನ್ನಿಸಿದಾಗ, 1973ರಲ್ಲಿ ಕೇಟರ್‌ಹ್ಯಾಮ್‌ನವರು ಹಕ್ಕು ಕೊಂಡುಕೊಂಡರು. ಅಂದಿನಿಂದ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಮಾಡುತ್ತಲೇ ಇದ್ದಾರೆ. ಮಾದರಿ ನೋಡಿಕೊಂಡು ತೂಕ ಐದಾರು ನೂರು ಕೆಜಿ, ನಮ್ಮ ಹಳೇ ಮಾರುತಿ 800ಕ್ಕಿಂತ ಹಗುರ. ಮುಂದಿನ ಚಕ್ರಗಳು ಮೈಯಿಂದ ಆಚೆಗೆ ನಿಂತಿರುತ್ತವೆ. ಬಾಗಿಲ ಬದಲು ಬಟ್ಟೆಯ ಪರದೆ, ಮೇಲ್ಛಾವಣಿ ಅಂದರೆ ಇನ್ನೊಂದು ಬಟ್ಟೆ. ಕೂತವರು ಪಕ್ಕಕ್ಕೆ ಕೈ ಇಳಿಬಿಟ್ಟರೆ ರಸ್ತೆ ಸಿಗುತ್ತದೆ. 1967ರಲ್ಲಿ ‘ದಿ ಪ್ರಿಸನರ್’ ಅನ್ನುವ ಇಂಗ್ಲಿಷ್ ಟೀವಿ ಧಾರಾವಾಹಿಯಲ್ಲಿ ನಾಯಕ ಓಡಿಸಿದ ಸೆವೆನ್‌ನ ನಂಬರು ಕೆಎಆರ್ 120ಸಿ. ಮೊದಲೆರಡು ಅಕ್ಷರ ನಮ್ಮ ರಾಜ್ಯದ್ದೇ ಆದದ್ದರಿಂದ, ಕಾರಿಗೂ ತನಗೂ ಋಣಾನುಬಂಧ ಇದೆ ಅಂತ ನಮ್ಮ ಷಡ್ಡಕನ ವಾದ. ಋಣದ ಮಾತು ಬಂದಾಗ ಬ್ಯಾಂಕಿನದ್ದೂ ಇದೆ ಅಂತ ನಾದಿನಿ ನೆನಪಿಸುತ್ತಾಳೆ.

ಈ ಕಾರಿನವರಿಗೆ ಸ್ಪ್ಯಾನರ್ ಹಿಡಿಯುವ ಚಟ ಹುಟ್ಟಿನಿಂದಲೇ ಬಂದದ್ದು. ಆ ಕಾಲದ ಬ್ರಿಟನ್ನಿನಲ್ಲಿ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಉಳಿಯುತ್ತಿತ್ತು. ಜೋಡಿಸುವ ವಿಧಾನವನ್ನು ಅಚ್ಚು ಹಾಕಿ ಕೊಟ್ಟರೆ ಸರ್ಕಾರದವರು ಹಿಡಿಯುತ್ತಾರೆ ಅಂತ, ಕಂಪನಿಯವರು ಕಾರು ಬಿಚ್ಚುವ ವಿಧಾನವನ್ನು ಬರೆದು ಕೊಟ್ಟರಂತೆ; ಗಿರಾಕಿ ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡು ಜೋಡಿಸುತ್ತಿದ್ದನಂತೆ. ಕತೆ ನಿಜವೋ ಸುಳ್ಳೋ, ಕೇಳೋದಕ್ಕೆ ಚೆನ್ನಾಗಿದೆ. 1973ರಲ್ಲಿ ವ್ಯಾಟ್ ಬಂದು ಆ ಉಳಿತಾಯಕ್ಕೆ ಕಲ್ಲು ಬಿತ್ತು. ಚಟ ಮಾತ್ರ ಹೋಗಲಿಲ್ಲ. ಭಾನುವಾರ ಬಂತು ಅಂದರೆ ಏನಾದರೂ ಬಿಚ್ಚಲೇಬೇಕು, ಬಿಚ್ಚೋದಕ್ಕೆ ಏನೂ ಉಳಿದಿಲ್ಲ ಅಂದರೆ ಏನಾದರೂ ಹೊಸದಾಗಿ ಕೂರಿಸಬೇಕು.

ಅವನು ಕೂರಿಸಿದ್ದು ಏನು ಅಂತ ಸ್ವಲ್ಪ ಯೋಚಿಸಿ. ಮನುಷ್ಯ ನೂರು ವರ್ಷ ಹೆಣಗಾಡಿ ಯಾವುದರಿಂದ ತಪ್ಪಿಸಿಕೊಂಡನೋ, ಅದನ್ನೇ ದುಡ್ಡು ಕೊಟ್ಟು ವಾಪಸ್ ತರಿಸಿದ. ಮೊದಲು ಇದ್ದದ್ದು ಹ್ಯಾಂಡಲ್. ಕಾರಿನ ಮೂತಿಗೆ ತುರುಕಿ, ಉಸಿರು ಬಿಗಿಹಿಡಿದು ತಿರುವಬೇಕು. ಇಂಜಿನ್ ಮುನಿಸಿಕೊಂಡು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬೇಡ, ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೋ ಅಂತ ಗುರುಗಳಾದವರು ಶಿಷ್ಯರಿಗೆ ಮೊದಲ ಪಾಠ ಹೇಳುತ್ತಿದ್ದರು. ದ್ರೋಣಾಚಾರ್ಯರ ನಂತರ ಶಿಷ್ಯನ ಹೆಬ್ಬೆರಳಿನ ಬಗ್ಗೆ ಅಷ್ಟು ತಲೆಕೆಡಿಸಿಕೊಂಡವರು ಡ್ರೈವಿಂಗ್ ಕಲಿಸುವವರೇ ಇರಬೇಕು. ಆಮೇಲೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮತ್ತು ಅವನ ಜೊತೆಗಾರರು ವಿದ್ಯುತ್ ಸ್ಟಾರ್ಟರ್ ಮಾಡಿಕೊಟ್ಟರು, 1912ರ ಕ್ಯಾಡಿಲ್ಯಾಕ್‌ನಲ್ಲಿ ಅದು ಬಂತು. ನಮ್ಮ ಕಡೆ ಇವತ್ತಿಗೂ ‘ಸೆಲ್ಫ್ ಹೊಡಿ’ ಅನ್ನುವುದು ಆ ಪುಣ್ಯಾತ್ಮರ ಸ್ಮರಣೆಯೇ.

ಸೆಲ್ಫ್ ಬಂದ ಮೇಲೂ ಅದನ್ನು ಎಬ್ಬಿಸುವ ಗುಂಡಿ ಎಲ್ಲಿರಬೇಕು ಅನ್ನುವುದರಲ್ಲಿ ಬ್ರಿಟಿಷರಿಗೆ ಒಮ್ಮತ ಇರಲಿಲ್ಲ. ಮೋರಿಸ್ ಮೈನರ್, ಎಂಜಿಎಗಳಲ್ಲಿ ಡ್ಯಾಶ್‌ಬೋರ್ಡಿನ ಗುಬುಟು ಹಿಡಿದು ಎಳೆಯಬೇಕು. 1959ರ ಮಿನಿಯಲ್ಲಿ ಗುಂಡಿ ನೆಲದಲ್ಲಿ, ಎರಡು ಸೀಟುಗಳ ಮಧ್ಯೆ. ಜಾಗ್ವಾರ್‌ನವರದು ಮಾತ್ರ ರಾಜಗಾಂಭೀರ್ಯ: 1961ರ ಇ-ಟೈಪ್‌ನಲ್ಲಿ ಕೀ ತಿರುಗಿಸಿ, ಆಮೇಲೆ ಪ್ರತ್ಯೇಕ ಬಟನ್ ಒತ್ತಿದರೆ ಆರು ಸಿಲಿಂಡರುಗಳು ಎದ್ದು ನಿಲ್ಲುತ್ತಿದ್ದವು. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಕ್ರೈಸ್ಲರ್‌ನವರು 1949ರಲ್ಲೇ, ಯಾಕಪ್ಪಾ ಎರಡೆರಡು ಕೆಲಸ ಅಂತ, ಕೀ ತಿರುಗಿಸಿದರೆ ಸೆಲ್ಫೂ ಹೊಡೆಯುವ ಹಾಗೆ ಮಾಡಿದ್ದರು. ನಿಧಾನವಾಗಿ ಲೋಕವೆಲ್ಲ ಅದನ್ನೇ ಒಪ್ಪಿಕೊಂಡಿತು. ಬಟನ್ನುಗಳು ಗುಜರಿಗೆ ಹೋದವು. ನೆಮ್ಮದಿಯಾಗಿತ್ತು.

ನೆಮ್ಮದಿ ಕೆಡಿಸಿದವರಲ್ಲಿ ಹೋಂಡಾದವರು ಮುಖ್ಯರು. 1999ರಲ್ಲಿ ಅವರ ಎಸ್2000 ಎಂಬ ಸ್ಪೋರ್ಟ್ಸ್ ಕಾರು ಬಂತು. ಅದರ ಇಂಜಿನ್ 9,000 ಆರ್‌ಪಿಎಂವರೆಗೆ ಕಿರುಚುತ್ತಿತ್ತು, ಡ್ಯಾಶ್‌ಬೋರ್ಡಿನಲ್ಲಿ ಕುಂಕುಮದ ಬಣ್ಣದ ದೊಡ್ಡ ಸ್ಟಾರ್ಟ್ ಬಟನ್ ಇತ್ತು. ಕೀ ಇಲ್ಲದೆ ಅದು ಕೆಲಸ ಮಾಡುತ್ತಿರಲಿಲ್ಲ, ಮೊದಲು ಕೀ ತಿರುಗಿಸಿ ಆಮೇಲೆ ಒತ್ತಬೇಕು. ಅಂದರೆ ಶುದ್ಧ ನಾಟಕ. ಜನ ಮರುಳಾದದ್ದು ಆ ನಾಟಕಕ್ಕೇ. ಇವತ್ತು ಆ ಬಟನ್ನನ್ನು ಬಿಡಿಯಾಗಿ ಕೊಂಡು ಎಷ್ಟೋ ಬೇರೆ ಕಾರುಗಳಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಷಡ್ಡಕನೂ ಅದನ್ನೇ ತರಿಸಿದ. ಅದಕ್ಕೆ ಮೊದಲು ಸ್ಟೀಲಿನದು ನೋಡಿದ, ಸುತ್ತ ನೀಲಿ ದೀಪದ ಬಳೆ ಇರುವುದು ನೋಡಿದ, ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದಲ್ಲಿದ್ದ ಹಾಗೆ ಮುಚ್ಚಳ ಎತ್ತಿ ಒತ್ತುವುದನ್ನೂ ನೋಡಿದ. ಕೆಂಟ್‌ನ ಆಕಾಶದಲ್ಲಿ 1940ರಲ್ಲಿ ಸ್ಪಿಟ್‌ಫೈರ್‌ಗಳು ಹಾರಾಡಿದ್ದು ನಿಜ. ಆದರೆ ಇವನು ಹೊರಟಿರುವುದು ಮೂಲೆ ಅಂಗಡಿಯಿಂದ ಹಾಲು ತರುವುದಕ್ಕೆ.

ನಾನು ಅಲ್ಲಿಗೆ ಹೋಗಿದ್ದಾಗ ನೇರವಾಗಿಯೇ ಕೇಳಿದೆ, “ಯಾಕೆ ಮಾರಾಯ ಇದು?”

“ಭಾವ, ರೇಸ್ ಕಾರುಗಳಲ್ಲಿ ಕೀ ಇರಲ್ಲ ನೋಡಿ. ಗ್ಲೌಸ್ ಹಾಕ್ಕೊಂಡ ಕೈ, ಹೆಲ್ಮೆಟ್ಟು, ಬಿಗಿದ ಬೆಲ್ಟು. ಟ್ರ್ಯಾಕ್ ಮಧ್ಯೆ ಇಂಜಿನ್ ಆಫ್ ಆದ್ರೆ ಕೀ ಹುಡುಕ್ತಾ ಕೂತ್ಕೊಳಕ್ಕಾಗತ್ತಾ? ಬಟನ್ ಒತ್ತಿದ್ರೆ ಆಯ್ತು.”

“ನೀನು ಯಾವ ಟ್ರ್ಯಾಕಿಗೆ ಹೋಗ್ತೀಯ?”

“ಹೋಗೋ ಯೋಚನೆ ಇದೆ ಭಾವ.”

ಎರಡನೇ ಕಾರಣ ಮೊಣಕಾಲು. ಸೆವೆನ್‌ನ ಒಳಗೆ ಜಾಗ ಎಷ್ಟು ಕಡಿಮೆ ಅಂದರೆ, ಕೀಗೊಂಚಲು ಸದಾ ಮೊಣಕಾಲಿಗೆ ಕುಟ್ಟುತ್ತಿತ್ತಂತೆ. ಇದು ಸ್ವಲ್ಪ ನಂಬುವ ಹಾಗಿದೆ. ಆದರೆ ಬಟನ್ ಬಂದ ಮೇಲೂ ಸ್ಟೀರಿಂಗ್ ಲಾಕ್ ಬಿಡಿಸುವುದಕ್ಕೆ, ಇಗ್ನಿಷನ್ ಆನ್ ಮಾಡುವುದಕ್ಕೆ ಕೀ ಬೇಕೇ ಬೇಕು. ಗೊಂಚಲು ಅಲ್ಲೇ ನೇತಾಡುತ್ತಿದೆ, ಮೊಣಕಾಲು ಅಲ್ಲೇ ಇದೆ. ಗೊಂಚಲಿನಿಂದ ಮನೆಯ ಬೀಗದಕೈಗಳನ್ನು ತೆಗೆದಿಟ್ಟಿದ್ದರೆ ಕೆಲಸ ಬಿಟ್ಟಿಯಾಗಿ ಮುಗಿಯುತ್ತಿತ್ತು.

ಮೂರನೆಯದು ನಿಜವಾದ ಕಾರಣ. ಅದನ್ನು ಅವನು ಹೇಳಲಿಲ್ಲ, ವೈರಿಂಗ್ ಬಿಚ್ಚಿದಾಗ ತಾನೇ ಹೊರಬಿತ್ತು. ಇಂಜಿನ್ ಬಿಸಿಯಾಗಿದ್ದಾಗ ಒಮ್ಮೊಮ್ಮೆ ಕೀ ತಿರುಗಿಸಿದರೆ ‘ಟಕ್’ ಅಂದು ಸುಮ್ಮನಾಗುತ್ತಿತ್ತು. ಸ್ಟಾರ್ಟರ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುವ ಬಕಾಸುರ. ಅದಕ್ಕೆ ಬ್ಯಾಟರಿಯಿಂದ ದಪ್ಪ ಕೇಬಲ್ಲಿನಲ್ಲಿ ನೇರವಾಗಿ ಊಟ. ಆ ದಾರಿಯನ್ನು ತೆರೆಯುವುದು ಸೊಲೆನಾಯ್ಡ್. ಸೊಲೆನಾಯ್ಡಿಗೂ ಎಳೆದ ಕ್ಷಣದಲ್ಲಿ ಹತ್ತಿಪ್ಪತ್ತು ಆಂಪಿಯರ್ ಬೇಕು, ಅದು ಬರುತ್ತಿದ್ದದ್ದು ಕೀ ಹಿಂದಿನ ಪುಟ್ಟ ಸ್ವಿಚ್ಚಿನ ಮೂಲಕ, ಉದ್ದನೆಯ ತೆಳ್ಳಗಿನ ವೈರಿನಲ್ಲಿ. ವರ್ಷಗಟ್ಟಲೆ ಕಿಡಿ ಹಾರಿ ಸ್ವಿಚ್ಚಿನ ಪಾಯಿಂಟುಗಳು ಕಪ್ಪಗಾಗಿರುತ್ತವೆ. ದಾರಿಯಲ್ಲೇ ವೋಲ್ಟೇಜು ಸೋರಿಹೋಗಿ, ಸೊಲೆನಾಯ್ಡ್ ಅರ್ಧ ಎದ್ದು ಮತ್ತೆ ಮಲಗುತ್ತದೆ.

ಇದಕ್ಕೆ ಮದ್ದು ರಿಲೇ. ಅಂಗಡಿಯಲ್ಲಿ ಸಿಗುವ ಪುಟ್ಟ ಕಪ್ಪು ಡಬ್ಬಿ, ಕೆಳಗೆ 30, 85, 86, 87 ಅಂತ ನಂಬರು ಹಾಕಿದ ನಾಲ್ಕು ಕಾಲು. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ ವೈರು, 87ರಿಂದ ಸೊಲೆನಾಯ್ಡಿಗೆ, 86ಕ್ಕೆ ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟು ಬರುವ ವೈರು, 85ರಿಂದ ಬಟನ್ ಮೂಲಕ ಅರ್ತ್. ಬಟನ್ನಿನಲ್ಲಿ ಹರಿಯುವುದು ಕಾಲು ಆಂಪಿಯರಿಗೂ ಕಡಿಮೆ, ಭಾರ ಎತ್ತುವುದೆಲ್ಲ ರಿಲೇ. ಇಷ್ಟು ಮಾಡಿದ ಮೇಲೆ ‘ಟಕ್’ ರೋಗ ಮಾಯವಾಯಿತು. ಈ ರಿಲೇಯನ್ನು ಹಳೇ ಕೀ ಸ್ವಿಚ್ಚಿಗೇ ಜೋಡಿಸಿದ್ದರೂ ಮಾಯವಾಗುತ್ತಿತ್ತು ಅನ್ನುವುದು ಬೇರೆ ಮಾತು. ಹಾಗೆ ಮಾಡಿದ್ದರೆ ತೂತೂ ಇಲ್ಲ, ಬಟನ್ನೂ ಇಲ್ಲ, ಬಂದವರಿಗೆ ತೋರಿಸುವುದಕ್ಕೆ ಏನೂ ಇಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಕತ್ತಲಲ್ಲಿ ಕೂತ ರಿಲೇಯನ್ನು ತೋರಿಸಿ ಯಾರು ತಾನೆ “ವಾಹ್” ಅನ್ನಿಸಿಕೊಂಡಾರು? ದುಡಿಯುವವನು ಅವನು, ಹಾರ ಬಿದ್ದದ್ದು ಕೆಂಪು ಟೋಪಿಯವನಿಗೆ.

86ರ ವೈರಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಇದರಲ್ಲಿ ತಮಾಷೆ ಇಲ್ಲ. ಅದನ್ನು ಸೋಮಾರಿತನದಿಂದ ನೇರ ಬ್ಯಾಟರಿಗೆ ಕೊಟ್ಟರೆ ಕೀ ಇಲ್ಲದೆಯೂ ಬಟನ್ ಕೆಲಸ ಮಾಡುತ್ತದೆ. ಗಾಡಿ ಗೇರಿನಲ್ಲಿ ನಿಂತಿದ್ದು, ಯಾವುದೋ ಮಗು ಬಂದು ಕೆಂಪಗಿದೆ ಅಂತ ಒತ್ತಿತು ಅನ್ನಿ: ಇಂಜಿನ್ ಹತ್ತದಿದ್ದರೂ ಸ್ಟಾರ್ಟರ್ ಮೋಟಾರೇ ಕಾರನ್ನು ಮುಂದಕ್ಕೆ ನೆಗೆಸುತ್ತದೆ. ಇನ್ನೊಂದು, ಎಷ್ಟೋ ಕಾರುಗಳ ಕೀಯಲ್ಲಿ ಇಂಜಿನ್ ಓಡುವಾಗ ಮತ್ತೆ ಸೆಲ್ಫ್ ಹೊಡೆಯದಂತೆ ತಡೆ ಇರುತ್ತದೆ. ಒಮ್ಮೆ ಪೂರ್ತಿ ಹಿಂದಕ್ಕೆ ತಿರುಗಿಸಿಯೇ ಮತ್ತೆ ಹೊಡೆಯಬೇಕು. ಬಟನ್ನಿಗೆ ಆ ಬುದ್ಧಿ ಇಲ್ಲ. ಓಡುವಾಗ ಒತ್ತಿದರೆ ಸ್ಟಾರ್ಟರಿನ ಹಲ್ಲು ಫ್ಲೈವೀಲಿನ ಹಲ್ಲಿಗೆ ಉಜ್ಜಿ, ಕೇಳಿದವರ ಹಲ್ಲೂ ಜುಮ್ಮೆನ್ನುತ್ತದೆ.

ತೂತು ಕೊರೆಯುವ ದಿನ ಮನೆಯಲ್ಲಿ ಉಪನಯನದ ಗಡಿಬಿಡಿ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟ, ಡ್ಯಾಶ್‌ಬೋರ್ಡಿಗೆ ಟೇಪು ಅಂಟಿಸಿ ಗುರುತು ಹಾಕಿದ, ಕೂತು ನೋಡಿದ, ಎದ್ದು ನೋಡಿದ, ಹೆಂಡತಿಯನ್ನು ಕೂರಿಸಿ ನೋಡಿದ. ವೈರು ತಪ್ಪಾದರೆ ಬಿಚ್ಚಿ ಸರಿ ಮಾಡಬಹುದು, ತೂತು ಒಮ್ಮೆ ಬಿದ್ದರೆ ಬಿತ್ತು. ಮೇಲಾಗಿ ಅದು ಮಳೆಯ ದೇಶ, ಛಾವಣಿ ಇಲ್ಲದ ಕಾರು. ಹೋಂಡಾ ಬಟನ್ನು ಛಾವಣಿ ಮುಚ್ಚಿ ನಿಲ್ಲಿಸುವ ಕಾರಿನದು, ನೆನೆಯುವುದಕ್ಕೆ ಹುಟ್ಟಿದ್ದಲ್ಲ. ನೀರು ಹೋಗಿ ತಾನಾಗಿಯೇ ಸೆಲ್ಫ್ ಹೊಡೆದುಕೊಂಡರೆ ಅಂತ ಹಿಂಬದಿಗೆ ರಬ್ಬರ್ ಹಚ್ಚಿ, ನಡುಗುವ ಕೈಯಲ್ಲಿ ಡ್ರಿಲ್ ಹಿಡಿದ. ಹಳೇ ಇಂಗ್ಲಿಷ್ ಕಾರುಗಳಿಗೆ ವಿದ್ಯುತ್ ಸಾಮಾನು ಮಾಡುತ್ತಿದ್ದ ಲ್ಯೂಕಸ್ ಕಂಪನಿಯ ಮೂಲಪುರುಷನಿಗೆ ಆ ದೇಶದವರೇ ‘ಕತ್ತಲೆಯ ರಾಜಕುಮಾರ’ ಅಂತ ಬಿರುದು ಕೊಟ್ಟಿದ್ದಾರೆ. ಅಂಥ ಪರಂಪರೆ ಇರುವ ಊರಿನಲ್ಲಿ ವೈರಿಂಗ್ ಮುಟ್ಟುವವನ ಕೈ ನಡುಗಿದರೆ ತಪ್ಪಿಲ್ಲ.

ಉದ್ಘಾಟನೆ ಮಾಡಿದ್ದು ನಮ್ಮಿಬ್ಬರ ಅತ್ತೆ. ಅರಸೀಕೆರೆಯಿಂದ ಮಗಳ ಮನೆಗೆ ಬಂದಿದ್ದರು. ಶಾಲು ಹೊದ್ದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. ಅಳಿಯ ಕೀ ತಿರುಗಿಸಿದ. ಹಿಂದಿನಿಂದ ಪೆಟ್ರೋಲ್ ಪಂಪು ಗುಂಯ್ ಅಂದಿತು. ಒಂದು ಗಳಿಗೆ ಬಿಟ್ಟು, ಹೆಬ್ಬೆರಳನ್ನು ಮೇಲೆತ್ತಿ ನಮಗೆಲ್ಲ ತೋರಿಸಿ, ಒತ್ತಿದ. ಭರ್ ಅಂತ ಇಂಜಿನ್ ಎದ್ದಿತು. ನಾನು ಚಪ್ಪಾಳೆ ತಟ್ಟಿದೆ, ಏನು ಮಾಡೋದು, ಅವರ ಮನೆ ಊಟ ಮಾಡುತ್ತಿದ್ದೆ.

ಅತ್ತೆ ಸದ್ದು ಅಡಗುವ ತನಕ ಕಾದು ಕೇಳಿದರು, “ಅಳಿಯಂದ್ರೇ, ಕೀನೂ ತಿರುಗಿಸ್ತೀರಿ, ಗುಂಡೀನೂ ಒತ್ತುತೀರಿ. ನಮ್ಮ ಬೀದಿಗೆ ಹಾಲು ಹಾಕೋ ಹುಡುಗನ ಸ್ಕೂಟರೂ ಹಿಂಗೇ ಅಲ್ವಾ ಸ್ಟಾರ್ಟ್ ಆಗೋದು?”

ಗ್ಯಾರೇಜಿನಲ್ಲಿ ಮೌನ. ಯಾಕೆಂದರೆ ಅದು ಅಕ್ಷರಶಃ ನಿಜ. ಕೀ ಆನ್, ಬ್ರೇಕ್ ಹಿಡಿ, ಬಲಗೈ ಹೆಬ್ಬೆರಳಲ್ಲಿ ಗುಂಡಿ ಒತ್ತು. ಬೆಂಗಳೂರಿನಲ್ಲಿ ದಿನಬೆಳಗಾದರೆ ಲಕ್ಷಾಂತರ ಜನ ಯಾವ ಗತ್ತೂ ಇಲ್ಲದೆ ಇದನ್ನು ಮಾಡುತ್ತಾರೆ. ಜಾಗ್ವಾರ್, ಹೋಂಡಾ, ಸ್ಪಿಟ್‌ಫೈರ್ ಅಂತ ಸುತ್ತಿ ಬಳಸಿ ನಮ್ಮ ಷಡ್ಡಕ ಬಂದು ಮುಟ್ಟಿದ್ದು ಅರಸೀಕೆರೆಯ ಹಾಲಿನ ಸ್ಕೂಟರಿಗೆ. ಅವನ ಮುಖ ನೋಡಿ ಪಾಪ ಅನ್ನಿಸಿ, “ಆದರೆ ಅದರಲ್ಲಿ ರಿಲೇ ಇಷ್ಟು ಚೆನ್ನಾಗಿ ಹಾಕಿರಲ್ಲ ಅತ್ತೆ” ಅಂದೆ. ಸ್ಕೂಟರಿನಲ್ಲೂ ರಿಲೇ ಇರುತ್ತದೆ, ಆದರೆ ಅಳಿಯಂದಿರ ನಡುವೆ ಒಂದು ಒಗ್ಗಟ್ಟು ಬೇಕಲ್ಲ.

“ನಿಲ್ಲಿಸೋಕೂ ಅದನ್ನೇ ಒತ್ತಬೇಕೇನ್ರೀ?” ಅಂತ ನಾದಿನಿ ಕೇಳಿದಳು.

“ಇಲ್ಲ, ಅದಕ್ಕೆ ಕೀ,” ಅಂದ.

ಅವಳು ಮುಂದೇನೂ ಕೇಳದೆ ಒಳಗೆ ಹೋದಳು. ಇವನು ಡ್ಯಾಶ್‌ಬೋರ್ಡಿನ ಇನ್ನೊಂದು ಮೂಲೆಗೆ ಟೇಪು ಅಂಟಿಸಿ ಗುರುತು ಹಾಕತೊಡಗಿದ. ಕ್ಷಿಪಣಿ ಹಾರಿಸುವ ಸ್ವಿಚ್ಚಿಗೆ ಇರುವಂಥ ಕೆಂಪು ಮುಚ್ಚಳದ ಟಾಗಲ್ ಒಂದು ಆಗಲೇ ಪೆಟ್ಟಿಗೆಯಲ್ಲಿ ಬಂದು ಕೂತಿತ್ತು.

“ಇದು ಯಾವುದಕ್ಕೆ?” ಅಂದೆ.

“ರೇಡಿಯೇಟರ್ ಫ್ಯಾನಿಗೆ ಭಾವ. ಅದು ತಾನಾಗೇ ಆನ್ ಆಗತ್ತೆ. ಆದ್ರೂ ಒಂದಿರ್ಲಿ ಅಂತ.”