ಉತ್ಸಾಹಮೂರ್ತಿಗಳು

ಬ್ಯಾಂಕಿನ ಶಾಖೆಗೆ ಮೇನೇಜರಾಗಿ ಬರುವವರಲ್ಲಿ ಹಿಂದೆ ಎರಡೇ ಪಂಗಡ. ಬೈಯುವವರು ಒಂದು, ಬೈಯದೆ ಮೆಮೊ ಕೊಡುವವರು ಇನ್ನೊಂದು. ಇಬ್ಬರ ಜೊತೆಗೂ ಹೇಗೋ ಏಗಬಹುದಿತ್ತು. ಬೈದವರು ಕಾಫಿ ಹೊತ್ತಿಗೆ ತಣ್ಣಗಾಗುತ್ತಿದ್ದರು. ಮೆಮೊಗೆ ಉತ್ತರ ಬರೆದುಕೊಡಲು ಯೂನಿಯನ್ನಿನವರು ಇದ್ದರು. ಈಗ ಮೂರನೆಯ ಪಂಗಡ ಹುಟ್ಟಿಕೊಂಡಿದೆ. ಇವರು ಬೈಯುವುದಿಲ್ಲ, ಬರೆಯುವುದಿಲ್ಲ, ಹುರಿದುಂಬಿಸುತ್ತಾರೆ. ಇದಕ್ಕೆ ಯೂನಿಯನ್ನಿನ ಹತ್ತಿರವೂ ಮದ್ದಿಲ್ಲ.

ನಮ್ಮ ಶಾಖೆಯ ಉತ್ಸಾಹಮೂರ್ತಿಗಳು ಮೊದಲಿನಿಂದ ಹೀಗಿರಲಿಲ್ಲ. ಪಹಣಿ ಕೈಗೆ ಕೊಟ್ಟರೆ ಸಾಲ ತೀರುತ್ತದೋ ಇಲ್ಲವೋ ಹೇಳಬಲ್ಲಷ್ಟು ಪಳಗಿದವರು. ಯಾರ ಕಣ್ಣು ಬಿತ್ತೋ, ನಾಯಕತ್ವದ ತರಬೇತಿಗೆ ಅವರ ಹೆಸರು ಹೋಯಿತು. ತರಬೇತಿ ಮುಗಿಸಿ ಬಂದವರು ಕ್ಯಾಬಿನ್ನಿಗೆ ಹೋಗದೆ ನೇರ ಕೌಂಟರಿನೊಳಗೆ ಬಂದು ಎಲ್ಲರ ಕೈ ಕುಲುಕಿದರು. “ಇನ್ಮೇಲೆ ನನ್ನನ್ನ ಮೇನೇಜರ್ ಅನ್ಬೇಡಿ. ನಾನು ನಿಮ್ಮ ಟೀಮ್ ಲೀಡರ್” ಅಂದರು.

“ಆಯ್ತು ಮೇನೇಜರ್ ಸಾರ್” ಅಂದ ಅಟೆಂಡರ್.

ಅಂದಿನಿಂದ ದಿನಾ ಒಂಬತ್ತೂಮುಕ್ಕಾಲಿಗೆ ‘ಹಡ್ಲ್’. ಎಲ್ಲರೂ ವೃತ್ತಾಕಾರವಾಗಿ ನಿಂತು ಒಬ್ಬೊಬ್ಬರೂ ಒಂದೊಂದು ಸಕಾರಾತ್ಮಕ ವಿಷಯ ಹೇಳಬೇಕು, ಉಳಿದವರು ಚಪ್ಪಾಳೆ ಹೊಡೆಯಬೇಕು. ನಮ್ಮ ಹೆಡ್ ಕ್ಯಾಷಿಯರ್ ಮೇಡಂ ಯೋಚನೆ ಮಾಡಿ ಮಾಡಿ, “ಇವತ್ತು ಸ್ಟ್ರಾಂಗ್‌ರೂಮಿನ ಬೀಗ ಒಂದೇ ಸಲಕ್ಕೆ ತೆಗೀತು ಸಾರ್” ಅಂದರು. ಜೋರು ಚಪ್ಪಾಳೆ. ಹೊರಗೆ ಗೇಟಿನ ಸಂದಿಯಲ್ಲಿ ಇಣುಕುತ್ತಿದ್ದ ಪಿಂಚಣಿದಾರರೊಬ್ಬರು ಗಾರ್ಡನ್ನು ಕೇಳಿದರಂತೆ: “ಒಳಗೇನಪ್ಪಾ, ಭಜನೆಯಾ? ಮಂಗಳಾರತಿ ಆದ್ಮೇಲೆ ದುಡ್ಡು ಕೊಡ್ತಾರಾ?”

ತರಬೇತಿಯಲ್ಲಿ ಕೊಟ್ಟ ಫೈಲನ್ನು ಸಾಹೇಬರು ಒಮ್ಮೆ ಊಟದ ಟೇಬಲ್ಲಿನ ಮೇಲೆ ಮರೆತಿದ್ದರು. ತೆರೆದರೆ ಮೊದಲ ಪುಟದಲ್ಲೇ ಅಬ್ರಹಾಂ ಮಾಸ್ಲೋನ ಪಿರಮಿಡ್ಡು. ಆತ 1943ರಲ್ಲಿ ಬರೆದ ಲೇಖನದಲ್ಲಿ ಪಿರಮಿಡ್ಡೇ ಇರಲಿಲ್ಲ, ಆಮೇಲಿನವರು ಕಟ್ಟಿದ್ದು ಅನ್ನುವುದು ಬೇರೆ ಮಾತು. ಅನ್ನ, ನೀರು, ನಿದ್ದೆ ತಳದಲ್ಲಿ, ಆತ್ಮಸಾಕ್ಷಾತ್ಕಾರ ತುದಿಯಲ್ಲಿ. ಗಂಟೆ ಮೂರಾದರೂ ಬುತ್ತಿ ಬಿಚ್ಚದೆ ಕೂತಿದ್ದ ನಮಗೆ ತಳದ ಸಾಲು ಓದಿಯೇ ಬಾಯಲ್ಲಿ ನೀರೂರಿತು.

ಅದರ ಮುಂದಿನ ಪುಟದಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಇದ್ದ. ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಮಂದಿ ಎಂಜಿನಿಯರು, ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಪುಸ್ತಕ ಬರೆದವನು. ಸಂಬಳ, ಆಫೀಸಿನ ನಿಯಮ, ಕೂರುವ ಜಾಗ, ಮೇಲಿನವರ ನಡವಳಿಕೆ, ಇವು ಕೆಟ್ಟರೆ ಜನ ಗೊಣಗುತ್ತಾರೆ, ಸರಿಯಿದ್ದರೆ ಗೊಣಗುವುದು ನಿಲ್ಲುತ್ತದೆ, ಅಷ್ಟೇ. ಹುರುಪು ಬರುವುದು ಕೆಲಸದಲ್ಲೇ ಸಿಗುವ ತೃಪ್ತಿ, ಹೊಣೆ, ಮನ್ನಣೆಗಳಿಂದ ಎಂದು ಆತನ ವಾದ. ಲೆಕ್ಕಿಗರನ್ನೇ ಕೇಳಿ ಬರೆದವನಾದ್ದರಿಂದ ನಮಗೆ ಮೊದಲು ಅವನ ಮೇಲೆ ವಿಶ್ವಾಸ ಹುಟ್ಟಿತು. ಆದರೆ ಸಾಹೇಬರು ಅವನನ್ನು ಓದಿಕೊಂಡ ಬಗೆಯೇ ಬೇರೆ. ಎರಡನೇ ಕೌಂಟರಿನ ಫ್ಯಾನು ತಿರುಗುತ್ತಿಲ್ಲ ಎಂದು ಹೇಳಹೋದಾಗ ನಗುತ್ತಾ ಅಂದರು: “ನೋಡಿ, ಫ್ಯಾನಿಂದ ಯಾರಿಗೂ ಮೋಟಿವೇಶನ್ ಬರಲ್ಲ. ಸಂಶೋಧನೆಯಲ್ಲೇ ಗೊತ್ತಾಗಿದೆ.” ಮನ್ನಣೆಯನ್ನು ಮಾತ್ರ ಧಾರಾಳವಾಗಿ ಹಂಚಿದರು. ನೋಟಿಸ್ ಬೋರ್ಡಿನಲ್ಲಿ ‘ವಾರದ ತಾರೆ’ ಎಂದು ಫೋಟೊ. ಯಾರಿಗೂ ಬೇಜಾರಾಗಬಾರದೆಂದು ಸರದಿಯ ಮೇಲೆ. ರಜೆಯ ಮೇಲೆ ಊರಿಗೆ ಹೋಗಿದ್ದವರೊಬ್ಬರು ಆ ವಾರದ ತಾರೆಯಾದರು. ಬಂದವರು ಗೋಡೆಯ ಮೇಲೆ ತಮ್ಮ ಫೋಟೊ ನೋಡಿ ಎದೆ ಹಿಡಿದುಕೊಂಡರು, ಹಾರ ಒಂದು ಇರಲಿಲ್ಲ, ಪುಣ್ಯ.

ನಾಯಕನಾದವನು ಮುಂದೆ ನಿಂತು ಮಾಡಿ ತೋರಿಸಬೇಕೆಂದೂ ಫೈಲಿನಲ್ಲಿತ್ತು. 2015ರಲ್ಲಿ ಬಂದ ಎರಡು ವಿಮಾ ಯೋಜನೆಗಳು ನಿಮಗೂ ಗೊತ್ತಿರುತ್ತವೆ: ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ ಜ್ಯೋತಿ. ಟಾರ್ಗೆಟ್ ಮುಟ್ಟದ ಒಂದು ಮಧ್ಯಾಹ್ನ ಸಾಹೇಬರೇ ಕ್ಯಾಬಿನ್ ಬಿಟ್ಟು ಬಂದು, ಪಿಂಚಣಿಗೆ ಬಂದಿದ್ದ ಅಜ್ಜಿಯ ಮುಂದೆ ನಿಂತರು. ತರಬೇತಿಯಲ್ಲಿ ಕಲಿಸಿದ ನಗು ಮುಖದ ಮೇಲಿತ್ತು.

“ಅಜ್ಜಿ, ಬರೀ ಇಪ್ಪತ್ತು ರೂಪಾಯಿಗೆ ಎರಡು ಲಕ್ಷ!”

“ಹೌದೇನಪ್ಪಾ? ಯಾವಾಗ ಕೊಡ್ತೀರಿ?”

“ನೀವು ಅಪಘಾತದಲ್ಲಿ ಹೋದ್ರೆ ಅಜ್ಜಿ.”

“ಅದನ್ನ ಇಷ್ಟು ನಗ್ತಾ ಹೇಳ್ತೀಯಲ್ಲೋ!”

ಎಪ್ಪತ್ತು ದಾಟಿದವರಿಗೆ ಅದು ಇಲ್ಲ, ಅಜ್ಜಿಗೆ ಎಪ್ಪತ್ತನಾಲ್ಕು ಎಂದು ಕಂಪ್ಯೂಟರ್ ನೆನಪಿಸುವ ಹೊತ್ತಿಗೆ ಅಜ್ಜಿ ಕೋಲು ಊರಿಕೊಂಡು ಬಾಗಿಲು ದಾಟಿದ್ದರು. ಸಾಹೇಬರು ನಮ್ಮ ಕಡೆ ತಿರುಗಿ ಹೆಬ್ಬೆರಳು ಎತ್ತಿದರು. ಸೋಲನ್ನೂ ಸಂಭ್ರಮಿಸಬೇಕಂತೆ.

ವರ್ಷಕ್ಕೊಮ್ಮೆ ಟೀಮ್ ಔಟಿಂಗ್ ಎಂಬುದೂ ಉಂಟು, ಭಾನುವಾರವೇ. ಅಲ್ಲಿ ಹಗ್ಗಜಗ್ಗಾಟ ಕಡ್ಡಾಯ, ಒಗ್ಗಟ್ಟು ಬೆಳೆಯಲು. ನನ್ನ ಮಗಳ ಎಂ.ಬಿ.ಎ. ಪುಸ್ತಕದಲ್ಲಿ ಹಗ್ಗದ ಬಗ್ಗೆ ಬೇರೆಯೇ ಬರೆದಿದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರ ಕೈಲಿ ಹಗ್ಗ ಎಳೆಸಿ ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಎಂಟು ಜನ ಕೂಡಿ ಎಳೆದರೆ ಒಬ್ಬೊಬ್ಬನೂ ಹಾಕುವುದು ತನ್ನ ಬಲದ ಸುಮಾರು ಅರ್ಧ ಮಾತ್ರ. ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ನಮ್ಮ ಚಿನ್ನದ ಅಪ್ರೈಸರ್ ಬೆರಗಾದರು. “ಅರ್ಧ ಎಳೆದ್ರಾ? ಒಳ್ಳೇ ಜನ.”

ಆದರೆ ಸಂಜೆ ಆರರ ವಿ.ಸಿ. ನೋಡಿದವರಿಗೆ ಸಾಹೇಬರ ಮೇಲೆ ಸಿಟ್ಟು ಉಳಿಯುವುದಿಲ್ಲ. ರೀಜನಲ್ ಆಫೀಸಿನವರು ಲ್ಯಾಪ್‌ಟಾಪಿನ ಪರದೆಗೆ ಬಂದು ಶಾಖೆಗಳ ಹೆಸರು ಕೂಗುತ್ತಾರೆ. ನಮ್ಮ ಶಾಖೆಯ ಹೆಸರು ಬಂದೊಡನೆ ಸಾಹೇಬರು ಕುರ್ಚಿಯಿಂದ ಎದ್ದೇಬಿಡುತ್ತಾರೆ. ಪರದೆಯಲ್ಲಿ ಆಗ ಕಾಣುವುದು ಅವರ ಬೆಲ್ಟು ಮಾತ್ರ. ಬೆಲ್ಟು “ಶೂರ್ ಸರ್, ಡೆಫಿನಿಟ್ಲಿ ಸರ್” ಅನ್ನುತ್ತದೆ. ಮುಗಿದ ಮೇಲೆ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು ಹೊರಗೆ ಬಂದು, “ಟೀಮ್, ಒಂದು ಸಿಹಿ ಸುದ್ದಿ!” ಅನ್ನುತ್ತಾರೆ. ಟಾರ್ಗೆಟ್ ಏರಿದೆ ಎಂದರ್ಥ.

ಪಾಪ, ಅವರ ಕೈಯಲ್ಲಿ ಇನ್ನೇನಿದೆ? ನಿವೃತ್ತರಾದ ಇಬ್ಬರ ಜಾಗಕ್ಕೆ ಜನ ಕೊಡುವವರು ಮೇಲಿನವರು. ಪ್ರಿಂಟರು ಬೇಕಾದರೆ ಮೂರು ಕೊಟೇಶನ್ನು, ಅದರ ಮೇಲೆ ಅನುಮೋದನೆ. ಸ್ವಂತ ಅಧಿಕಾರದಲ್ಲಿ ಮಂಜೂರು ಮಾಡಬಹುದಾದದ್ದು ಉತ್ಸಾಹ ಒಂದೇ. ಅದಕ್ಕೆ ಜಾಮೀನು ಬೇಡ, ಮಿತಿ ಇಲ್ಲ. ಹಾಗಾಗಿ ಕೈತುಂಬ ಕೊಡುತ್ತಾರೆ.

ಕಳೆದ ತಿಂಗಳು ಸಲಹಾ ಪೆಟ್ಟಿಗೆ ಇಟ್ಟರು. ಹೆಸರು ಬರೆಯಬೇಕಿಲ್ಲ, ಮನಸ್ಸಿನಲ್ಲಿದ್ದದ್ದು ಬರೆಯಿರಿ ಅಂದರು. ಹಡ್ಲಿನ ಮಧ್ಯೆ ಪೆಟ್ಟಿಗೆ ತೆರೆದರೆ ಎಲ್ಲ ಚೀಟಿಗಳಲ್ಲೂ ಒಂದೇ ಮಾತು: ಪಾಸ್‌ಬುಕ್ ಪ್ರಿಂಟರ್ ರಿಪೇರಿ ಮಾಡಿಸಿ. ಸಾಹೇಬರ ಕಣ್ಣು ತುಂಬಿ ಬಂತು. “ನೋಡಿದ್ರಾ! ಎಲ್ಲರೂ ಒಂದೇ ಥರ ಯೋಚನೆ ಮಾಡ್ತಿದೀರಿ. ಇದಪ್ಪ ಟೀಮ್ ಅಂದ್ರೆ!” ಚೀಟಿಗಳನ್ನು ಮೇಜಿನ ಮೇಲೆ ಹರಡಿ ಫೋಟೊ ತೆಗೆದು, ವರದಿ ಬರೆದು ರೀಜನಲ್ ಆಫೀಸಿಗೆ ಕಳಿಸಿದರು.

ವಾರದೊಳಗೆ ಉತ್ತರ ಬಂತು. ಪ್ರಿಂಟರ್ ಅಲ್ಲ, ‘ಅತ್ಯುತ್ತಮ ತಂಡಸ್ಫೂರ್ತಿ’ಗೆ ಪ್ರಶಂಸಾಪತ್ರ, ಇ-ಮೇಲಿನಲ್ಲಿ. ಆಫೀಸಿನ ಇನ್ನೊಂದು ಪ್ರಿಂಟರಿನಲ್ಲಿ ಕಾರ್ಟ್ರಿಜ್ ಖಾಲಿಯಾಗಿದ್ದರಿಂದ ಅಟೆಂಡರನ್ನು ಎದುರಿನ ಜೆರಾಕ್ಸ್ ಅಂಗಡಿಗೆ ಓಡಿಸಿ ಕಲರ್ ಪ್ರಿಂಟ್ ತರಿಸಿದರು. ಹತ್ತು ರೂಪಾಯಿ. ಸಂಜೆ ಲೆಕ್ಕ ಮುಗಿಸುವಾಗ ಹೆಡ್ ಕ್ಯಾಷಿಯರ್ ಮೇಡಂ ಕೇಳಿದರು: “ಸಾರ್, ಇದನ್ನ ಯಾವ ಖರ್ಚಿಗೆ ಹಾಕ್ಲಿ?”

ಸಾಹೇಬರು ಒಂದು ಕ್ಷಣವೂ ತಡವರಿಸಲಿಲ್ಲ. “ಸಿಬ್ಬಂದಿ ಕಲ್ಯಾಣಕ್ಕೆ ಹಾಕಿ ಮೇಡಂ.”